ತವರಿಗೆ ಹೋದಾಗ ಗುಳಿಗೆ ತಪ್ಪಿದರೆ

ಪಂಚಮಿಗೆ ಹುಬ್ಬಳ್ಳಿಯಿಂದ ತವರಿಗೆ ಹೊರಟವಳ ಚೀಲದಲ್ಲಿ ಸೀರೆ, ಮಕ್ಕಳ ಅಂಗಿ ಎಲ್ಲ ಇರುತ್ತವೆ. ಗರ್ಭನಿರೋಧಕ ಗುಳಿಗೆಯ ಸ್ಟ್ರಿಪ್ ಮಾತ್ರ ಕಪಾಟಿನಲ್ಲಿ, ಸೀರೆಯ ಮಡಿಕೆ ಕೆಳಗೇ ಉಳಿದುಬಿಡುತ್ತದೆ. ಜೋಕಾಲಿ, ಉಂಡಿ ಮುಗಿಸಿ ಮರಳಿದಾಗ ನೆನಪಾಗಿ ಎದೆ ಧಸಕ್ ಅನ್ನುತ್ತದೆ. ಗಾಬರಿಯಾಗಬೇಡಿ. ಮೊದಲು ಸ್ಟ್ರಿಪ್ ತೆಗೆದು, ಯಾವ ಗುಳಿಗೆ ತಪ್ಪಿದೆ ನೋಡಿ.

ಮಾಲಾ-ಎನ್, ಮಾಲಾ-ಡಿ ಸ್ಟ್ರಿಪ್‌ನಲ್ಲಿ 28 ಗುಳಿಗೆ. ಗರ್ಭ ತಡೆಯುವುದು 21 ಬಿಳಿ ಗುಳಿಗೆ. ಕಂದು ಬಣ್ಣದ 7 ಬರೀ ಕಬ್ಬಿಣಾಂಶ. ಕಂದು ತಪ್ಪಿದ್ದರೆ ಚಿಂತೆಯಿಲ್ಲ, ಅದನ್ನು ಬಿಸಾಕಿ, ಹೊಸ ಸ್ಟ್ರಿಪ್ ಮಾತ್ರ ಸರಿಯಾದ ದಿನವೇ ಶುರುಮಾಡಿ.

ಬಿಳಿ ಒಂದೇ ತಪ್ಪಿದ್ದರೆ ನೆನಪಾದ ಕೂಡಲೇ ನುಂಗಿ, ಇವತ್ತಿನದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೂ ತೊಂದರೆಯಿಲ್ಲ.

ಎರಡು ಅಥವಾ ಹೆಚ್ಚು ತಪ್ಪಿದ್ದರೆ, ಅವುಗಳಲ್ಲಿ ಕೊನೆಯದನ್ನಷ್ಟೇ ಈಗಲೇ ನುಂಗಿ, ಹಿಂದಿನವನ್ನು ಬಿಡಿ. ದಿನದ ಗುಳಿಗೆ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ತಪ್ಪಿದ್ದು ಕೊನೆಯ ಬಿಳಿ ಸಾಲಿನಲ್ಲಾದರೆ, ಉಳಿದ ಬಿಳಿಯವನ್ನು ಮುಗಿಸಿ, ಕಂದು ಬಿಟ್ಟು, ಮರುದಿನವೇ ಹೊಸ ಸ್ಟ್ರಿಪ್ ಶುರುಮಾಡಬೇಕು.

ಇಷ್ಟು ಲೆಕ್ಕ ಯಾಕೆಂದರೆ, ಬಿಳಿ ಗುಳಿಗೆ ಅಂಡಾಶಯವನ್ನು ಮಲಗಿಸಿಡುತ್ತದೆ. 7 ದಿನ ಬಿಟ್ಟರೆ ಅದು ಏಳುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಎಚ್ಚರವಾಗಿ ಅಂಡ ಬಿಡಬಹುದು. ಹಾಗಾಗಿ ನಡುವೆ ತಪ್ಪಿದ್ದಕ್ಕಿಂತ ಹೊಸ ಸ್ಟ್ರಿಪ್ ತಡವಾಗಿ ಶುರುಮಾಡಿದ್ದೇ ಹೆಚ್ಚು ಅಪಾಯ. «ಮುಟ್ಟು ಪೂರ್ತಿ ನಿಂತ ಮ್ಯಾಲೆ ಸುರು ಮಾಡಿದ್ರಾತು» ಅನ್ನುವವರ ಮಾತು ಕೇಳಬೇಡಿ. ರಕ್ತಸ್ರಾವ ಇದ್ದರೂ ದಿನ ಬಂತೆಂದರೆ ನುಂಗಲೇಬೇಕು.

ಮೊದಲ ವಾರ ಎರಡು ಅಥವಾ ಹೆಚ್ಚು ಬಿಳಿ ಗುಳಿಗೆ ತಪ್ಪಿ, ಕಳೆದ 5 ದಿನಗಳಲ್ಲಿ ಗಂಡ-ಹೆಂಡತಿ ಕೂಡಿದ್ದರೆ ತುರ್ತು ಗುಳಿಗೆ ಬೇಕಾಗಬಹುದು. ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, 72 ಗಂಟೆಯೊಳಗೆ. ಬೇಗ ನುಂಗಿದಷ್ಟೂ ಒಳ್ಳೆಯದು. ಆ ಗಡುವು ಮೀರಿದ್ದರೂ ಐದು ದಿನದೊಳಗೆ ಕಾಪರ್-ಟಿ ಹಾಕಿಸಿದರೆ ಗರ್ಭ ತಡೆಯಬಹುದು. ಇದನ್ನು ಬಹಳ ಮಂದಿಗೆ ಯಾರೂ ಹೇಳುವುದೇ ಇಲ್ಲ, ಅದೇ ನನ್ನ ಸಂಕಟ.

ಗುಳಿಗೆ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಔಷಧಗಳು ಈ ಗುಳಿಗೆಯ ಬಲ ಕುಂದಿಸುತ್ತವೆ. ಅವನ್ನು ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಲೇಬೇಕು.

‘ಛಾಯಾ’ ಎಂಬ ಇನ್ನೊಂದು ಗರ್ಭನಿರೋಧಕ ಗುಳಿಗೆಯ ಲೆಕ್ಕವೇ ಬೇರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. 7 ದಿನದೊಳಗಿನ ತಡವಾದರೆ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ. ಅದಕ್ಕೂ ಹೆಚ್ಚಾಗಿದ್ದರೆ ಹೊಸಬರಂತೆ ಮತ್ತೆ ವಾರಕ್ಕೆರಡರಿಂದ ಶುರು.

ಕಂದು ಗುಳಿಗೆಯ ವಾರದಲ್ಲಿ ಮುಟ್ಟಾಗದಿದ್ದರೆ, ಕೂಡಿದ ದಿನದಿಂದ ಮೂರು ವಾರ ಕಳೆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಿಸಿ. ‘ನಿಶ್ಚಯ್’ ಕಿಟ್‌ಗಾಗಿ ಆಶಾ ಕಾರ್ಯಕರ್ತೆಯನ್ನು ಕೇಳಿ. ಗರ್ಭ ನಿಂತಿದ್ದರೆ ಗುಳಿಗೆ ನಿಲ್ಲಿಸಿ, ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಆವರೆಗೆ ನುಂಗಿದ ಗುಳಿಗೆಯಿಂದ ಕೂಸಿಗೆ ಊನ ಬರುತ್ತದೆಂಬ ಭಯ ಬೇಡ. ಬೇಡದ ಗರ್ಭವಾದರೆ, 2021ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದವಳಿಗೆ ಗಂಡನ ಸಹಿ ಬೇಕಿಲ್ಲ, ಮದುವೆಯಾಗಿರಬೇಕೆಂದೂ ಇಲ್ಲ.