ಹಳೆಯ ಉಕ್ಕಿನ ಕಪಾಟಿಗೆ ಹೊಸ ಆಸರೆ



ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಇರುವುದು ನಿಮಗೆಲ್ಲ ತಿಳಿದದ್ದೇ. 1915ರಲ್ಲಿ ಬೆಳಕಿಗೆ ಬಂದ ಆ ಬರಹ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಬಿಸಿಲು ಮಳೆಗಳನ್ನು ತಡೆದು ನಿಂತಿದೆ. ಕಲ್ಲಿನ ಬರಹಕ್ಕೆ ಕಪಾಟು ಬೇಡ. ಕಾಗದದ ಬರಹಕ್ಕೆ ಬೇಕೇ ಬೇಕು. ಪಾಮನಕಲ್ಲೂರಿನಲ್ಲಾಗಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಬೇರೆ ಯಾವುದೇ ಊರಿನಲ್ಲಾಗಲಿ, ಶಾಲೆ, ಪಂಚಾಯತಿ, ಸಹಕಾರ ಸಂಘ, ಗ್ರಂಥಾಲಯ ಇವುಗಳ ಲೆಕ್ಕಪತ್ರಗಳೆಲ್ಲ ಉಕ್ಕಿನ ಕಪಾಟಿನೊಳಗೆ ಇರುತ್ತವೆ. ಆ ಕಪಾಟಿನ ಹಲಗೆ ಒಂದು ಮೂಲೆಯಲ್ಲಿ ಕುಸಿದು, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದನ್ನು ನೀವು ನೋಡಿರಬಹುದು. ಇಂದಿನ ಪಾಠ ಆ ಮೂಲೆಯನ್ನು ಕುರಿತದ್ದು.

ಇದೇನು ದೊಡ್ಡ ವಿಷಯ ಎನ್ನಬೇಡಿರಿ. ವಾಲಿದ ಹಲಗೆಯಿಂದ ಜಾರಿದ ರಿಜಿಸ್ಟರಿನ ಹೊಲಿಗೆ ಬಿಚ್ಚುತ್ತದೆ, ಹಾಳೆ ಕಳಚುತ್ತದೆ. ಶಾಲೆಯ ದಾಖಲಾತಿ ಪುಸ್ತಕದಿಂದ ಕಳಚಿದ ಒಂದು ಹಾಳೆ ಒಬ್ಬ ಹುಡುಗಿಯ ಜನ್ಮದಿನದ ಆಧಾರವೇ ಆಗಿರಬಹುದು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ರಾಯಚೂರು ಜಿಲ್ಲೆಯ ಮಕ್ಕಳಿಗೆ ಸ್ಥಳೀಯ ವ್ಯಕ್ತಿಯ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಪಡೆಯುವಾಗ ಹಳೆಯ ವ್ಯಾಸಂಗದ ದಾಖಲೆಯೂ ಕೆಲಸಕ್ಕೆ ಬರುತ್ತದೆ. ಆದುದರಿಂದ ಹೆಬ್ಬೆರಳಿನಷ್ಟು ಕಬ್ಬಿಣದ ಚೂರಿನ ಮೇಲೆ ಒಂದು ಮಗುವಿನ ಓದು, ನೌಕರಿ ನಿಂತಿರುವುದುಂಟು.

ಆಸರೆಯ ಕೊಂಡಿ ಎಂದರೇನು?

ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲದ ಸಾಮಾನ್ಯ ಕಪಾಟಿನಲ್ಲಿ ನಾಲ್ಕು ಹಲಗೆ, ಐದು ಖಾನೆ ಇರುತ್ತವೆ. ಒಳಗಿನ ನಾಲ್ಕು ಮೂಲೆಗೂ ಸಾಲು ಸಾಲಾಗಿ ಸೀಳು ಅಥವಾ ತೂತು ಇರುವ ಪಟ್ಟಿಗಳು ನಿಂತಿರುತ್ತವೆ. ಆ ಸೀಳಿಗೆ ಸಿಕ್ಕಿಸುವ ಚಿಕ್ಕ ಬಾಗಿದ ತುಂಡೇ ಕೊಂಡಿ. ಅಂಗಡಿಯಲ್ಲಿ ಕ್ಲಿಪ್ಪು ಎನ್ನುತ್ತಾರೆ. ಒಂದು ಹಲಗೆಗೆ ನಾಲ್ಕು, ನಾಲ್ಕು ಹಲಗೆಗೆ ಹದಿನಾರು. ಕಪಾಟನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ, ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗಿಸುವಾಗ ಹಲಗೆಗಳನ್ನು ಕಳಚುತ್ತಾರೆ. ಕೊಂಡಿಗಳು ಕಳೆಯುವುದು ಆಗಲೇ.

ಮೂರು ಕೊಂಡಿ ಸಾಲದೇ?

ಸಾಲದು. ಲೆಕ್ಕ ನೋಡಿರಿ. 75 ಗ್ರಾಂ ದಪ್ಪದ ಎ4 ಕಾಗದದ ಐನೂರು ಹಾಳೆಯ ಒಂದು ಕಟ್ಟು ಸುಮಾರು 2.3 ಕಿಲೋ ತೂಗುತ್ತದೆ. ಮೂರು ಅಡಿ ಹಲಗೆಯ ಮೇಲೆ ನಾಲ್ಕು ಸಾಲು, ಸಾಲಿಗೆ ಆರು ಕಟ್ಟು ಇಟ್ಟರೆ ಇಪ್ಪತ್ತನಾಲ್ಕು ಕಟ್ಟು, ಅಂದರೆ 56 ಕಿಲೋ. ನಾಲ್ಕು ಕೊಂಡಿಯಿದ್ದರೆ ಒಂದೊಂದರ ಪಾಲಿಗೆ 14 ಕಿಲೋ.

ಒಂದು ಕೊಂಡಿ ಇಲ್ಲವೆನ್ನೋಣ. ಉಳಿದ ಮೂರೂ ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ ಎಂದು ತೋರುತ್ತದೆ. ಹಾಗಾಗುವುದಿಲ್ಲ. ಬಿದ್ದುಹೋದ ಮೂಲೆಯ ಅಕ್ಕಪಕ್ಕದ ಎರಡು ಕೊಂಡಿಗಳೇ 28 ಕಿಲೋದಂತೆ ಇಡೀ ಭಾರವನ್ನು ಹೊರುತ್ತವೆ. ಎದುರು ಮೂಲೆಯ ಕೊಂಡಿಯ ಮೇಲೆ ಭಾರವೇ ಇರದು. ಆ ಎರಡು ಕೊಂಡಿಗಳ ನಡುವಿನ ಓರೆಗೆರೆಯ ಮೇಲೆ ಹಲಗೆ ತಕ್ಕಡಿಯಂತೆ ತೂಗುತ್ತದೆ. ಬರಿ ಮೂಲೆಯ ಕಡೆ ಒಂದು ರಿಜಿಸ್ಟರು ಹೆಚ್ಚಾದರೂ ಹಲಗೆ ಮಗುಚಿಕೊಳ್ಳುತ್ತದೆ. ನಿನ್ನೆಯವರೆಗೆ ನಿಂತಿದ್ದ ಹಲಗೆ ಇಂದು ಬೀಳುವುದು ಹೀಗೆ.

ಮೊದಲು ಹುಡುಕಿರಿ

ಕಪಾಟಿನ ತಳ, ಕಪಾಟಿನ ನೆತ್ತಿ, ಮೇಜಿನ ಸೆಳೆಖಾನೆ, ಮುರಿದ ಸಾಮಾನಿನ ಕೋಣೆ ಇವುಗಳನ್ನು ನೋಡಿರಿ. ಆಮೇಲೆ ಎಣಿಸಿರಿ. ಹದಿನಾರರಲ್ಲಿ ಹದಿಮೂರು ಉಳಿದಿದ್ದರೆ ಒಂದು ಹಲಗೆಯನ್ನು ತೆಗೆದಿಟ್ಟು ಮೂರನ್ನು ಭದ್ರವಾಗಿ ಕೂರಿಸಬಹುದು, ಒಂದು ಕೊಂಡಿ ಮಿಗುತ್ತದೆ. ಹೊಸ ಕೊಂಡಿ ಬರುವ ತನಕ ಇದೇ ಸರಿಯಾದ ಉಪಾಯ. ವಾಲುವ ನಾಲ್ಕು ಹಲಗೆಗಿಂತ ನಿಲ್ಲುವ ಮೂರು ಹಲಗೆ ಮೇಲು.

ಸಿಂಧನೂರು, ಲಿಂಗಸುಗೂರು, ರಾಯಚೂರಿನ ಸಂತೆಪೇಟೆಗೆ ಹೋಗುವವರು ಗುಜರಿ ಅಂಗಡಿಯಲ್ಲಿಯೂ, ಉಕ್ಕಿನ ಪೀಠೋಪಕರಣ ಮಾಡುವವರಲ್ಲಿಯೂ ವಿಚಾರಿಸಬೇಕು. ತುಕ್ಕು ಹಿಡಿದು ತೂಕಕ್ಕೆ ಬಂದ ಕಪಾಟಿನೊಳಗೆ ಒಳ್ಳೆಯ ಕೊಂಡಿಗಳು ಇರುವುದುಂಟು. ಬರಿಗೈಯಲ್ಲಿ ಮಾತ್ರ ಹೋಗಬಾರದು. ಕಪಾಟು ಮಾಡಿದವರು ಅನೇಕರು. ಗೋದ್ರೇಜ್ ಕಂಪೆನಿ 1923ರಲ್ಲಿಯೇ ಉಕ್ಕಿನ ಕಪಾಟು ಮಾಡತೊಡಗಿತು, ಆ ಬಳಿಕ ಊರೂರಿನ ಕಾರ್ಖಾನೆಗಳೂ ಮಾಡಿದವು. ಒಬ್ಬರ ಸೀಳಿನ ಅಳತೆ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಆದುದರಿಂದ ಒಂದು ಹಳೆಯ ಕೊಂಡಿಯನ್ನೂ ಈ ಐದು ಅಳತೆಗಳನ್ನೂ ಜೊತೆಗೆ ಒಯ್ಯಿರಿ:

1. ಸೀಳಿನ ಅಗಲ.
2. ಸೀಳಿನ ಎತ್ತರ.
3. ಒಂದು ಸೀಳಿನಿಂದ ಮುಂದಿನ ಸೀಳಿಗೆ ಇರುವ ದೂರ.
4. ಪಟ್ಟಿಯ ತಗಡಿನ ದಪ್ಪ.
5. ಪಟ್ಟಿಯ ಹಿಂದೆ ಇರುವ ಬಯಲು ಜಾಗ.

ಅಳತೆಪಟ್ಟಿ ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಸೀಳಿಗೆ ಸರಿಯಾಗಿ ಹೋಗುವಂತೆ ಕತ್ತರಿಸಿಕೊಳ್ಳಿರಿ. ಆ ರಟ್ಟೇ ನಿಮ್ಮ ಮಾದರಿ. ಒಂದೇ ಹಲಗೆಗೆ ಎರಡು ಜಾತಿಯ ಕೊಂಡಿ ಬೆರೆಸಬೇಡಿರಿ. ಎತ್ತರ ಎರಡು ಮಿಲಿಮೀಟರು ಬೇರೆಯಾದರೂ ಹಲಗೆ ಕುಂಟುತ್ತದೆ.

ಸಿಗದಿದ್ದರೆ ಮಾಡಿರಿ

ಬೇಕಾದ ಸಾಮಾನು: ಎರಡು ಮಿಲಿಮೀಟರು ದಪ್ಪದ ಮೃದು ಉಕ್ಕಿನ ಪಟ್ಟಿ (ಅಂಗಡಿಯಲ್ಲಿ ಎಂ.ಎಸ್. ಪಟ್ಟಿ ಎಂದು ಕೇಳಿರಿ), ಹ್ಯಾಕ್ಸಾ ಗರಗಸ, ಅರ, ಸುತ್ತಿಗೆ, ವೈಸು, ಮೂರು ಮಿಲಿಮೀಟರು ದಪ್ಪದ ಎರಡು ಕಬ್ಬಿಣದ ತುಂಡು. ಊರಿನ ಕಮ್ಮಾರರಲ್ಲಿಯೋ ವೆಲ್ಡಿಂಗ್ ಅಂಗಡಿಯಲ್ಲಿಯೋ ಇವೆಲ್ಲ ಇರುತ್ತವೆ.

ಕೊಂಡಿಯ ರೂಪವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿರಿ. ಪಟ್ಟಿಯ ಹಿಂದೆ ಮೇಲಕ್ಕೆ ನಿಲ್ಲುವ ನಾಲಗೆ, ಸೀಳಿನ ಮೂಲಕ ಮುಂದಕ್ಕೆ ಬರುವ ಮೆಟ್ಟಿಲು, ಪಟ್ಟಿಯ ಮುಂದೆ ಕೆಳಕ್ಕೆ ಇಳಿಯುವ ಕಾಲು, ಕಡೆಗೆ ಹೊರಕ್ಕೆ ಚಾಚುವ ಪೀಠ. ಪೀಠದ ಮೇಲೆ ಭಾರ ಬಿದ್ದಾಗ ನಾಲಗೆ ಹಿಂದಿನಿಂದ ಹಿಡಿಯುತ್ತದೆ, ಕಾಲು ಮುಂದಿನಿಂದ ಒತ್ತುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುತ್ತದೆ.

ಮಾಡುವ ಕ್ರಮ:

1. ಪಟ್ಟಿಯ ಅಗಲ ಸೀಳಿನ ಅಗಲಕ್ಕಿಂತ ಅರ್ಧ ಮಿಲಿಮೀಟರು ಕಡಿಮೆ ಇರುವಂತೆ ಅರದಿಂದ ತಿಕ್ಕಿರಿ. 60 ಮಿಲಿಮೀಟರು ಉದ್ದದ ತುಂಡು ಕೊಯ್ಯಿರಿ.

2. ಒಂದು ತುದಿಯಿಂದ 10 ಮಿಲಿಮೀಟರು ನಾಲಗೆಗೆ ಗುರುತು ಮಾಡಿರಿ. ಅಲ್ಲಿ ಮೆಟ್ಟಿಲು ಬರಬೇಕು. ವೈಸಿನ ಒಂದು ದವಡೆಗೆ ಒಂದು ಕಬ್ಬಿಣದ ತುಂಡನ್ನು ನಾಲಗೆಯ ಕಡೆಗೂ, ಇನ್ನೊಂದು ದವಡೆಗೆ ಎರಡನೆಯ ತುಂಡನ್ನು ಕಾಲಿನ ಕಡೆಗೂ ಇಟ್ಟು, ಅವೆರಡರ ಅಂಚುಗಳ ನಡುವೆ ಎರಡು ಮೂರು ಮಿಲಿಮೀಟರು ಸಂದು ಬಿಟ್ಟು ಬಿಗಿಯಿರಿ. ಪಟ್ಟಿ ನಡುವೆ ಬಾಗಿ ಮೂರು ಮಿಲಿಮೀಟರಿನ ಮೆಟ್ಟಿಲು ಮೂಡುತ್ತದೆ. ಎರಡು ಮಿಲಿಮೀಟರು ಕೊಂಡಿಯ ದಪ್ಪಕ್ಕೆ, ಒಂದು ಕಪಾಟಿನ ತಗಡಿನ ದಪ್ಪಕ್ಕೆ. ನಿಮ್ಮ ತಗಡು ಎಷ್ಟು ಹೆಚ್ಚು ದಪ್ಪವೋ ಒತ್ತುವ ತುಂಡುಗಳ ದಪ್ಪವೂ ಅಷ್ಟೇ ಹೆಚ್ಚಬೇಕು.

3. ಮೆಟ್ಟಿಲಿನಿಂದ 20 ಮಿಲಿಮೀಟರು ಕೆಳಗೆ ಕಾಲನ್ನು ಬಿಟ್ಟು, ಉಳಿದದ್ದನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಮೆಲ್ಲನೆ ಬಡಿದು ಗುಣಾಕಾರದ ಚೌಕಕೋನಕ್ಕೆ, ಅಂದರೆ ಮೂಲೆಮಟ್ಟಕ್ಕೆ ಬಾಗಿಸಿರಿ. ಬಾಗು ಪಟ್ಟಿಯ ಮುಂಬದಿಗೆ, ನಾಲಗೆಯಿಂದ ದೂರಕ್ಕೆ ಬರಬೇಕು. ಇದೇ ಪೀಠ. ಹೆಚ್ಚಾದ ಉದ್ದವನ್ನು ಕೊಯ್ದು 20 ಮಿಲಿಮೀಟರಿಗೆ ಇಳಿಸಿರಿ. ಬಾಗಿಸಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಬಾಗಿಸಬೇಡಿರಿ, ಉಕ್ಕು ಸೀಳುತ್ತದೆ.

4. ಪೀಠ ಮೇಲ್ಮುಖವಾಗಿರುವಂತೆ ಹಿಡಿದು ನಾಲಗೆಯನ್ನು ಸೀಳಿನೊಳಗೆ ತೂರಿಸಿ, ಪೀಠವನ್ನು ಕೆಳಕ್ಕೆ ಇಳಿಸಿರಿ. ಕೊಂಡಿ ಕೂತುಕೊಳ್ಳುತ್ತದೆ. ಮೊದಲನೆಯದು ಸರಿಬಂದ ಮೇಲೆಯೇ ಉಳಿದವನ್ನು ಕೊಯ್ಯಿರಿ.

5. ಅಂಚುಗಳನ್ನು ಅರದಿಂದ ಮೊಂಡು ಮಾಡಿ, ತುಕ್ಕು ನಿರೋಧಕ ಬಣ್ಣ ಬಳಿದು ಒಣಗಿಸಿರಿ.

ಸೀಳಿನ ಬದಲು ದುಂಡು ತೂತಿದ್ದರೆ ಕೆಲಸ ಹಗುರ. ತೂತಿಗೆ ಒಪ್ಪುವ, ಸಾಮಾನ್ಯವಾಗಿ 6 ಮಿಲಿಮೀಟರಿನ ಬೋಲ್ಟನ್ನು ಹಿಂದೆ ಮುಂದೆ ಎರಡು ನಟ್ಟು, ವಾಶರು ಹಾಕಿ ಬಿಗಿಯಬಹುದು. ಪಟ್ಟಿಯ ಹಿಂದೆ ಕೈ ಹೋಗುವಂತಿರಬೇಕು ಅಷ್ಟೇ.

ತೂಕದ ರಿಜಿಸ್ಟರುಗಳ ಕೆಳಹಲಗೆಗೆ ಇನ್ನೂ ಭದ್ರವಾದ ದಾರಿಯುಂಟು. 25 ಮಿಲಿಮೀಟರಿನ ಆ್ಯಂಗಲ್ ಪಟ್ಟಿಯನ್ನು ಮುಂದಿನ ಮೂಲೆಯಿಂದ ಹಿಂದಿನ ಮೂಲೆಯ ಉದ್ದಕ್ಕೆ ಕೊಯ್ದು, ಎರಡು ತುದಿಗೂ ಒಂದೊಂದು ಕೊಂಡಿಯ ನಾಲಗೆಯನ್ನು ವೆಲ್ಡ್ ಮಾಡಿಸಿರಿ. ಆಗ ಹಲಗೆ ನಾಲ್ಕು ಬಿಂದುಗಳ ಮೇಲಲ್ಲ, ಎರಡು ಹಳಿಗಳ ಮೇಲೆ ಕೂರುತ್ತದೆ.

ಮಾಡಬಾರದ್ದು

ಮೊಳೆ ತೂರಿಸಬೇಡಿರಿ, ಅದು ಬಾಗಿ ಜಾರುತ್ತದೆ. ತಂತಿ ಬಿಗಿಯಬೇಡಿರಿ, ಅದು ಹಿಗ್ಗುತ್ತದೆ. ಮರದ ಚೂರು ಕೊಡಬೇಡಿರಿ, ಗೆದ್ದಲಿಗೆ ದಾರಿ ತೋರಿಸಿದಂತೆ. ಕಾಗದವಿರುವ ಕಪಾಟಿನೊಳಗೆ ವೆಲ್ಡಿಂಗ್ ಮಾಡಿಸಲೇಬಾರದು. ಒಂದು ಕಿಡಿ ಸಾಕು. ಬೆಳ್ಳಗೆ ಸತುವಿನ ಲೇಪವಿರುವ ಪಟ್ಟಿಯನ್ನು ಕಾಯಿಸಬೇಡಿರಿ, ಅದರ ಹೊಗೆ ಎದೆಗೆ ಕೆಡುಕು. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿರಿ. ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ಅದು ಮಕ್ಕಳ ಮೆದುಳಿಗೆ ವಿಷ. ಒದ್ದೆಮಾಡಿ ಉಜ್ಜಿ, ಒರೆಸಿದ ಬಟ್ಟೆಯನ್ನು ಬಿಸಾಡಿರಿ.

ಕೂರಿಸುವುದು, ಪರೀಕ್ಷಿಸುವುದು

ನಾಲ್ಕು ಮೂಲೆಯಲ್ಲಿಯೂ ತಳದಿಂದ ಸೀಳುಗಳನ್ನು ಎಣಿಸಿ, ಒಂದೇ ಸಂಖ್ಯೆಯ ಸೀಳಿಗೆ ಸೀಮೆಸುಣ್ಣದ ಗುರುತು ಹಾಕಿರಿ. ಕಣ್ಣಳತೆ ಮೋಸಮಾಡುತ್ತದೆ, ಎಣಿಕೆ ಮಾಡದು. ಹಲಗೆಯನ್ನಿಟ್ಟು ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಒತ್ತಿರಿ. ಟಕ್ಕೆಂದರೆ ಆ ಮೂಲೆಯ ಕೊಂಡಿ ಸರಿಯಿಲ್ಲ. ಬಳಿಕ 50 ಕಿಲೋದ ಸಿಮೆಂಟಿನ ಹೊಸ ಚೀಲವೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಲಗೆಯ ನಡುವೆ ಒಂದು ರಾತ್ರಿ ಇಡಿರಿ. ಬೆಳಗ್ಗೆ ಕೊಂಡಿ ಬಾಗಿಲ್ಲದಿದ್ದರೆ ರಿಜಿಸ್ಟರುಗಳನ್ನು ಜೋಡಿಸಬಹುದು. ಭಾರದವು ಕೆಳಗೆ, ಹಗುರಾದವು ಮೇಲೆ. ಮಕ್ಕಳು ಓಡಾಡುವ ಶಾಲೆಯಲ್ಲಿ ಕಪಾಟಿನ ನೆತ್ತಿಯನ್ನು ಗೋಡೆಗೆ ಬಿಗಿಯುವುದನ್ನು ಮರೆಯಬಾರದು.

ಕೊನೆಯ ಮಾತು. ಹದಿನಾರು ಬೇಕಾದಲ್ಲಿ ಹದಿನೆಂಟು ಮಾಡಿರಿ. ಹೆಚ್ಚಿನ ಎರಡನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನ ಬಾಗಿಲಿನ ಒಳಬದಿಗೆ ಕಟ್ಟಿರಿ. ನಿಮ್ಮ ನಂತರ ಬೀಗದ ಕೈ ಹಿಡಿಯುವವರು ನಿಮ್ಮನ್ನು ನೆನೆಯುತ್ತಾರೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಊರಿನ ಶಾಲೆಯ ಕಪಾಟಿನಲ್ಲಿ ಎಷ್ಟು ಹಲಗೆ, ಎಷ್ಟು ಕೊಂಡಿ ಇವೆ? ಎಣಿಸಿ ಬರೆಯಿರಿ.
2. ಒಂದು ಕೊಂಡಿ ಬಿದ್ದರೆ ಯಾವ ಎರಡು ಕೊಂಡಿಗಳ ಮೇಲೆ ಭಾರ ಬೀಳುತ್ತದೆ? ಚಿತ್ರ ಬರೆದು ತೋರಿಸಿರಿ.
3. ಕೆಳಗಿನ ಖಾನೆಯ ರಿಜಿಸ್ಟರುಗಳಲ್ಲಿ ಹೊಲಿಗೆ ಬಿಚ್ಚಿದವು ಎಷ್ಟು? ಅವನ್ನು ಹೊಲಿಸುವ ಹೊಣೆ ಯಾರದು?