ಯುದ್ಧಕ್ಕೆ ಹೋಗದ ವೀರ

ಬೆಂಗಳೂರಿನಿಂದ ವೈಟ್‌ಫೀಲ್ಡಿಗೆ ಹೋಗುವ ಹಳೆಯ ದಾರಿಯಲ್ಲಿ ಒಂದು ವಿಮಾನ ಕಾರ್ಖಾನೆಯಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಅದನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧವು ಏಷ್ಯಕ್ಕೂ ಹಬ್ಬಿದ ಮೇಲೆ, 1943ರಲ್ಲಿ, ಅದನ್ನು ಅಮೆರಿಕದ ವಿಮಾನದಳಕ್ಕೆ ಒಪ್ಪಿಸಲಾಯಿತು. ಅಲ್ಲಿ ಯುದ್ಧವಿಮಾನಗಳ ದುರಸ್ತಿ ನಡೆಯುತ್ತಿದ್ದಿತು. ನೀರಿನ ಮೇಲಿಳಿಯುವ ಕೆಟಲೀನಾ ವಿಮಾನಗಳಿಗೆ ಸಮೀಪದ ಬೆಳ್ಳಂದೂರು ಕೆರೆಯೇ ನಿಲ್ದಾಣವಾಗಿದ್ದಿತು.

ಅಂದಿನ ಅಮೆರಿಕನ್ ಸೈನಿಕರು ಬಹಳ ಮೆಚ್ಚಿ ಓದುತ್ತಿದ್ದುದು ಚಿತ್ರಕಥೆಗಳನ್ನು. ಅವುಗಳ ನಾಯಕರಲ್ಲಿ ಅಗ್ರಗಣ್ಯನು ಸೂಪರ್‌ಮ್ಯಾನ್. ಜೆರ್ರಿ ಸೀಗೆಲ್ ಬರೆದು ಜೋ ಶುಸ್ಟರ್ ಚಿತ್ರಿಸಿದ ಈ ಅತಿಮಾನವ 1938ರಲ್ಲಿ ಓದುಗರ ಮುಂದೆ ಬಂದನು. ಗುಂಡು ಅವನಿಗೆ ತಾಗದು. ಅವನ ದೃಷ್ಟಿಗೆ ಗೋಡೆ ಅಡ್ಡವಾಗದು. ಇಂಥವನು ಇರುವಾಗ ಸಾಮಾನ್ಯರ ಮಕ್ಕಳು ರಣರಂಗದಲ್ಲಿ ಸಾಯುವುದೇಕೆ?

ಅಮೆರಿಕ ಯುದ್ಧಕ್ಕೆ ಇಳಿಯುವ ಮುನ್ನ ಈ ಪ್ರಶ್ನೆ ಅಷ್ಟು ತೊಡಕಿನದಾಗಿರಲಿಲ್ಲ. 1940ರಲ್ಲಿ ಪತ್ರಿಕೆಯೊಂದರ ಎರಡೇ ಪುಟಗಳಲ್ಲಿ ಸೂಪರ್‌ಮ್ಯಾನ್ ಹಿಟ್ಲರನನ್ನೂ ಸ್ಟಾಲಿನನನ್ನೂ ಹಿಡಿದು ಜಿನೀವಾಕ್ಕೆ ಹೊತ್ತೊಯ್ದು ರಾಷ್ಟ್ರಸಂಘದ ಮುಂದೆ ನಿಲ್ಲಿಸಿದನು. ಅಲ್ಲಿಗೆ ಯುದ್ಧ ಮುಗಿಯಿತು! ಆದರೆ 1941ರ ಡಿಸೆಂಬರಿನಲ್ಲಿ ಅಮೆರಿಕವೇ ಯುದ್ಧಕ್ಕಿಳಿದಾಗ ಕಥೆಗಾರರು ಇಕ್ಕಟ್ಟಿಗೆ ಸಿಲುಕಿದರು. ಸೂಪರ್‌ಮ್ಯಾನ್ ಹೋಗಿ ಗೆದ್ದನೆಂದು ಬರೆದರೆ, ಅದೇ ದಿನದ ಪತ್ರಿಕೆಯ ಇನ್ನೊಂದು ಪುಟದಲ್ಲಿ ಮಡಿದವರ ಹೆಸರುಗಳಿರುತ್ತವೆ. ಮಗನನ್ನು ಕಳೆದುಕೊಂಡ ತಾಯಿ ಆ ಎರಡು ಪುಟಗಳನ್ನೂ ಹೇಗೆ ಓದಿಯಾಳು? ಹೋಗಿಯೂ ಗೆಲ್ಲಲಿಲ್ಲವೆಂದರೆ ಅವನು ಸೂಪರ್‌ಮ್ಯಾನನೇ ಅಲ್ಲ.

ಅವರು ಕಂಡುಕೊಂಡ ಉಪಾಯ ವಿನೋದಮಯವಾದುದು. 1942ರ ಕಥೆಯಲ್ಲಿ ಸೂಪರ್‌ಮ್ಯಾನ್ ತನ್ನ ಎಂದಿನ ವೇಷದಲ್ಲಿ, ಕ್ಲಾರ್ಕ್ ಕೆಂಟ್ ಎಂಬ ಪತ್ರಕರ್ತನಾಗಿ, ಸೈನ್ಯಕ್ಕೆ ಸೇರಲು ಹೋಗುತ್ತಾನೆ. ಕಣ್ಣಿನ ಪರೀಕ್ಷೆಯಲ್ಲಿ ಉತ್ಸಾಹದ ಭರಕ್ಕೆ ಅವನ ದೃಷ್ಟಿ ಗೋಡೆಯನ್ನು ತೂರಿ ಪಕ್ಕದ ಕೋಣೆಯ ಅಕ್ಷರಫಲಕವನ್ನು ಓದಿಬಿಡುತ್ತದೆ. ವೈದ್ಯರು ಅವನನ್ನು ಅನರ್ಹನೆಂದು ಹಿಂದಕ್ಕೆ ಕಳುಹಿಸುತ್ತಾರೆ.

ಕುರುಕ್ಷೇತ್ರದಲ್ಲಿ ಶಸ್ತ್ರ ಹಿಡಿಯೆನೆಂದು ಮಾತು ಕೊಟ್ಟ ಶ್ರೀಕೃಷ್ಣನ ಕಥೆ ಇಲ್ಲಿ ನೆನಪಾಗದಿರದು. ಚಕ್ರವೊಂದೇ ಯುದ್ಧವನ್ನು ಮುಗಿಸುವುದಾದರೆ ಅರ್ಜುನನ ಗಾಂಡೀವಕ್ಕೆ ಏನು ಕೆಲಸ?

ಯುದ್ಧಕ್ಕೆ ಹೋದ ನಾಯಕನೂ ಇದ್ದನು. ಕ್ಯಾಪ್ಟನ್ ಅಮೆರಿಕ ಮೊದಲು ಸೈನ್ಯವು ಬೇಡವೆಂದ ಬಡಕಲು ಯುವಕ, ಔಷಧಬಲದಿಂದ ಬಲಶಾಲಿಯಾದವನು. ಅವನ ಶಕ್ತಿಗೆ ಮಿತಿಯಿದ್ದುದರಿಂದಲೇ ಅವನನ್ನು ಸಿಪಾಯಿಗಳ ಸಾಲಿನಲ್ಲಿ ನಿಲ್ಲಿಸಲು ಸಾಧ್ಯವಾಯಿತು.

ಅವನನ್ನು ಸೃಷ್ಟಿಸಿದವರಲ್ಲೊಬ್ಬನಾದ ಜ್ಯಾಕ್ ಕರ್ಬಿಗೆ ಔಷಧದ ಬಲವಿರಲಿಲ್ಲ. ಕಾಲಾಳು ಸೈನಿಕನಾಗಿ 1944ರಲ್ಲಿ ಫ್ರಾನ್ಸಿಗೆ ಹೋಗಿ ಹೋರಾಡಿದ ಅವನು, ಕೊರೆಯುವ ಹಿಮದಲ್ಲಿ ಕಾಲುಗಳು ಮರಗಟ್ಟಿ ಆಸ್ಪತ್ರೆ ಸೇರಿದನು. ಸೀಗೆಲ್ 1943ರಲ್ಲಿ ಸೈನ್ಯ ಸೇರಿದನು. ಗೋಡೆಯಾಚೆ ಕಾಣುವ ಕಣ್ಣನ್ನು ಚಿತ್ರಿಸಿದ ಶುಸ್ಟರನು ಮಾತ್ರ ಮಂದದೃಷ್ಟಿಯ ಕಾರಣದಿಂದ ಸೈನ್ಯಕ್ಕೆ ಸೇರಲಾಗಲಿಲ್ಲ.

ಇತ್ತ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸಗಾರರು ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸುತ್ತಿದ್ದರು. ಒಂದು ತಿರುಪು ಸಡಿಲವಾಗಿ ಉಳಿದರೂ ಆಕಾಶದಲ್ಲಿ ವಿಮಾನ ಚಾಲಕನ ಪ್ರಾಣಕ್ಕೆ ಅಪಾಯ. ಆದುದರಿಂದ ಬೆಳ್ಳಂದೂರಿನ ನೀರನ್ನು ಸೀಳಿಕೊಂಡು ಕೆಟಲೀನಾ ಮೇಲೇರುವ ಮುನ್ನ, ಬಿಗಿದ ತಿರುಪನ್ನೇ ಮತ್ತೊಮ್ಮೆ ಮುಟ್ಟಿ ನೋಡಬೇಕಾಗಿದ್ದಿತು.