ಕೂಸಿನ ಕಿವಿಗೆ ಹೇಳುವ ಮುನ್ನ

ಮಗನೇ, ಕೂಸಿಗೆ ‘ಕಿಯಾನ್’ ಅಂತ ಹೆಸರಿಡುತ್ತೇವೆ ಎಂದು ನೀನೂ ಸೊಸೆಯೂ ಫೋನಿನಲ್ಲಿ ಹೇಳಿದಾಗ ನಾನು ‘ಹೂಂ’ ಅಂದು ಸುಮ್ಮನಾದೆ. ಸಿಟ್ಟಿಗಲ್ಲ. ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನೋಡಲು ಹೊತ್ತು ಬೇಕಿತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಉಸುರುವುದು ಹೆಸರನ್ನೇ. ಅದಕ್ಕೆ ಮೊದಲು ನಿಮ್ಮ ಕಿವಿಗೆ ನಾಲ್ಕು ಮಾತು ಹಾಕುತ್ತೇನೆ.

ನೀನು ಕಳಿಸಿದ ಪಟ್ಟಿಯಲ್ಲಿ ‘ದೇವರ ಕೃಪೆ’ ಎಂದು ಅರ್ಥ ಬರೆದಿತ್ತು, ಸಂಸ್ಕೃತದ್ದು ಅಂತಲೂ ಇತ್ತು. ಇಂಥ ಪಟ್ಟಿಗಳಲ್ಲಿ ಎಲ್ಲ ಹೆಸರಿಗೂ ದೇವರು, ಬೆಳಕು, ರಾಜ ಈ ಮೂರೇ ಅರ್ಥ. ಪರ್ಷಿಯನ್ ಕಡೆ ಇದೇ ಸದ್ದಿನ ಹೆಸರು ಅರಸರದು, ನಿಜ. ಆದರೆ ಪಟ್ಟಿ ಏನೇ ಹೇಳಲಿ, ನೀವು ಮೆಚ್ಚಿದ್ದು ಐರ್ಲೆಂಡಿನ ಹೆಸರನ್ನು. ಅಲ್ಲಿ ಅದು ‘ಕೀಯನ್’, ಒತ್ತು ‘ಕೀ’ ಮೇಲೆ. ಅರ್ಥ ಪುರಾತನ, ಬಹುಕಾಲದ್ದು. ನಿನ್ನೆ ಹುಟ್ಟಿದ ಕೂಸಿಗೆ ‘ಹಳಬ’ ಅಂತ ಕರೆಯುವುದೇ ಎಂದು ನಗಬೇಡ. ನಾವೂ ಹಾಲುಗಲ್ಲದ ಹುಡುಗರಿಗೆ ಅಜ್ಜಪ್ಪ ಅಂತ ಇಟ್ಟವರೇ.

ಆ ಕೀಯನ್ ಯಾರು ಗೊತ್ತಾ? ಅವರ ಪುರಾಣದಲ್ಲಿ ದೇವವೈದ್ಯನ ಮಗ, ನಮ್ಮ ಧನ್ವಂತರಿಯ ಮನೆಯ ಹುಡುಗ ಅಂದುಕೋ. ಜನ ಹೇಳುವ ಕಥೆಯಲ್ಲಿ ಅವನ ಬಳಿ ಎಷ್ಟು ಕರೆದರೂ ಬತ್ತದ ಹಸುವೊಂದಿರುತ್ತದೆ. ಬಾಲರ್ ಎಂಬ ಒಕ್ಕಣ್ಣ ಅದನ್ನು ಕದ್ದು ತನ್ನ ದ್ವೀಪಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಮೊಮ್ಮಗನ ಕೈಯಿಂದಲೇ ನಿನಗೆ ಸಾವು ಎಂಬ ನುಡಿ ಕೇಳಿದ್ದ ಬಾಲರ್, ಮಗಳು ಗಂಡಸಿನ ಮುಖ ನೋಡದಂತೆ ಗೋಪುರದಲ್ಲಿ ಕೂಡಿಹಾಕಿದ್ದ. ಹಸು ಹುಡುಕಿಕೊಂಡು ಹೋದ ಕೀಯನ್ ಹೆಣ್ಣುವೇಷದಲ್ಲಿ ಒಳಗೆ ಸೇರಿದ. ಅವರಿಬ್ಬರಿಗೆ ಹುಟ್ಟಿದ ಮಗ ಲೂ ಮುಂದೆ ತಾತ ಬಾಲರನನ್ನು ಕೊಂದ. ನಮ್ಮ ಕಂಸನ ಕಥೆ ನೆನಪಾಗಲಿಲ್ಲವೇ? ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ನಮ್ಮೂರು ಕ್ಯಾಸಂಬಳ್ಳಿಗೆ ಹಸುವಿನ ಕಥೆ ಹೊರಗಿನದಾಗಲು ಸಾಧ್ಯವೇ? ಇನ್ನೊಂದು ಮಾತೂ ತಿಳಿದಿರಲಿ: ಕೀಯನ್ನನ ಸಾವು ಒಳ್ಳೆಯದಲ್ಲ. ಹಗೆತನದ ಮೂವರು ಅಣ್ಣತಮ್ಮಂದಿರು ಅವನನ್ನು ಕೊಂದರು. ಅಷ್ಟಕ್ಕೇ ಹೆದರಬೇಕಿಲ್ಲ, ಅಭಿಮನ್ಯು ಅಂತ ಇಡುವವರಿಲ್ಲವೇ.

ಐರಿಶ್ ಹೆಸರು ನಮ್ಮ ಸೀಮೆಗೆ ಹೊಸದೂ ಅಲ್ಲ. ನೀನು ದಿನಾ ಆಫೀಸಿಗೆ ಹೋಗುವ ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಯಾರ ಹೆಸರಿನದು ಅಂತ ಎಂದಾದರೂ ಕೇಳಿದ್ದೀಯಾ? ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಎಂಬ ಐರಿಶ್ ಸಿಪಾಯಿಯದು. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಮೇಲಿನ ಯುದ್ಧ ಮುಗಿಸಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ. ನಮ್ಮ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಜಾನ್ ವಾರನ್ ಎಂಬ ಸೇನಾಧಿಕಾರಿ ಬರೆದಿದ್ದು 1804ರಲ್ಲಿ ಅಚ್ಚಾಗಿತ್ತು. ಅದನ್ನೋದಿದ ಲ್ಯಾವೆಲ್ 1871ರಲ್ಲಿ ಎತ್ತಿನಗಾಡಿ ಹತ್ತಿ ಈ ಕಡೆ ಬಂದ, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಅಗೆಯುವ ಪರವಾನಗಿ ಪಡೆದ. ಕೈಯಲ್ಲಿ ಕಾಸು ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆಮೇಲಿನದು ಚಾಂಪಿಯನ್ ರೀಫ್, ಉರಿಗಾಂ, ಮಾರಿಕುಪ್ಪಂ ಎಂಬ ಗಣಿ ಊರುಗಳ ಕಥೆ. 2001ರ ಫೆಬ್ರುವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಗಣಿ ಸಂಬಳ ನಂಬಿದ್ದವರ ಮಕ್ಕಳು ಈಗ ನಿನ್ನ ಹಾಗೆ ರೈಲು ಹಿಡಿದು ಬೆಂಗಳೂರಿಗೆ ಓಡುತ್ತಾರೆ.

ಆ ಲ್ಯಾವೆಲ್‌ನ ಹೆಸರಿನಲ್ಲಿರುವ ‘ಫಿಟ್ಜ್’ ಅಂದರೆ ಮಗ, ಜೆರಾಲ್ಡನ ಮಗ. ಅಲ್ಲಿನವರ ‘ಮ್ಯಾಕ್’ ಕೂಡ ಮಗನೇ. ‘ಓ’ ಅಂದರೆ ಮೊಮ್ಮಗ, ಆ ವಂಶದವನು. ನಾವು ಅಪ್ಪನನ್ನು ಒಂದು ಇನಿಷಿಯಲ್ಲಿಗೆ ಇಳಿಸಿಬಿಟ್ಟೆವು, ಅವರು ತಾತನನ್ನೂ ಹೆಸರಿಗೆ ಕಟ್ಟಿಕೊಂಡೇ ತಿರುಗಿದರು. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ಹಳೆಯ ಪದ್ಧತಿಯೂ ಅವರಲ್ಲಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ನನಗೆ ನನ್ನ ತಾತನ ಹೆಸರು, ಮುನಿಯಪ್ಪ. ನಿಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ನಾಲ್ಕು ದಿನದ ಬೇಜಾರು ಅದು.

ಸೊಸೆಗೊಂದು ಮಾತು. ತಾಯೀ, ಐರಿಶರ ಹಾಗೆ ಇಂಗ್ಲಿಷಿನ ‘ಸಿ’ ಹಾಕಿ ಬರೆಸಬೇಡ. ಶಾಲೆಯಲ್ಲಿ ಒಬ್ಬ ಟೀಚರು ಸಿಯಾನ್ ಅಂತಾರೆ, ಇನ್ನೊಬ್ಬರು ಚಿಯಾನ್ ಅಂತಾರೆ. ಹುಡುಗ ಹಾಜರಿ ಹೇಳುವುದರೊಳಗೆ ಅರ್ಧ ಕ್ಲಾಸು ನಕ್ಕಿರುತ್ತದೆ. ‘ಕೆ’ಯಿಂದಲೇ ಬರೆಸು. ಜನನ ಪತ್ರದಲ್ಲಿ ಹೇಗಿದೆಯೋ ಆಧಾರಿನಲ್ಲೂ ಹಾಗೇ ಇರಲಿ. ಒಂದಕ್ಷರಕ್ಕೆ ಆಫೀಸುಗಳ ಮೆಟ್ಟಿಲು ಹತ್ತಿಳಿದು ನನ್ನ ಮಂಡಿ ಸವೆದಿದೆ. ಮತ್ತೆ, ನಮ್ಮೂರಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಾಲಗೆ ಓಡುತ್ತವೆ. ಯಾರಾದರೂ ‘ಕೀಯಪ್ಪ’ ಅಂದರೆ ತಿದ್ದಲು ಹೋಗಬೇಡ.

ನಿಮ್ಮತ್ತೆ ಆಗಲೇ ಅಭ್ಯಾಸ ಶುರುಮಾಡಿದ್ದಾಳೆ. ನಿನ್ನೆ ಸಂಜೆ ಕೊಟ್ಟಿಗೆಯಲ್ಲಿ ಕರುವಿಗೆ ‘ಕೀಯಣ್ಣಾ’ ಅಂತ ಕೂಗಿ ನೋಡಿದಳು. ಅದು ಕಿವಿ ನಿಗುರಿಸಿ ತಿರುಗಿ ನೋಡಿತು.